ಎಂಟು ತಿಂಗಳ ಬಸುರಲ್ಲಿ ಅಡಿಕೆ ಸುಲಿತ, ಕಾಲು ಊತ

ತೀರ್ಥಹಳ್ಳಿ ಕಡೆಯವಳು, ಎಂಟು ತಿಂಗಳ ಗರ್ಭಿಣಿ, ರಾತ್ರಿವರೆಗೂ ಅಡಿಕೆ ಸುಲಿದು ಕಾಲು ಊದಿದೆ, ಮಗುವಿಗೆ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಹೆಚ್ಚಾಗಿ ಅದು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತದ್ದರ ಊತ. ಬಿಪಿ ಏರಿಯೂ ಇರಬಹುದು, ಅಳೆಯದೆ ಹೇಳಲಾಗದು. ನಾಳೆಯೇ ಆಶಾ ಅಕ್ಕನ ಜೊತೆ ಹೋಗಿ ಬಿಪಿ, ಮೂತ್ರ ಎರಡೂ ನೋಡಿಸಿ. 140/90 ಮುಟ್ಟಿದ್ದರೆ ಸುಲಿತ ನಿಲ್ಲಿಸಿ, ಡಾಕ್ಟರ್ ಹೇಳಿದಂತೆ ನಡೆಯಿರಿ.

ಸರಿಯಿದ್ದರೆ ಹಗಲು ಸ್ವಲ್ಪ ಸುಲಿಯಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ. ಮೂಟೆ ಎತ್ತಬೇಡಿ. ಕೂಲಿ ಹೋಗುವ ಸಂಕಟ ಗೊತ್ತು, ಆದರೂ ರಾತ್ರಿ ಸುಲಿತ ಬಿಡಿ. ಸುಲಿಯುತ್ತಾ ಅಡಿಕೆ ಜಗಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಮಗುವಿನ ತೂಕ ಕಡಿಮೆಯಾಗಬಹುದು.

ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗುವಿನ ಒದೆತ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಿಗದಿದ್ದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಊದಿದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.