ಕೇಳಿ, ಹೇಳ್ತೀವಿ: ಬೆಂಗಳೂರಿನ ತಿಂಡಿ, ರೂಮಿನ ಕಾಫಿ

ಪ್ರಶ್ನೆ: ಕೆಲಸದ ಮೇಲೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುವವರು ನಾವು. ಗಾಂಧಿ ಬಜಾರಿನ ಮಸಾಲೆ ದೋಸೆ ತಿನ್ನುವ ಆಸೆ. ಹೋದಾಗಲೆಲ್ಲ ಒಂದೋ ಬಾಗಿಲು ಹಾಕಿರುತ್ತದೆ, ಇಲ್ಲ ಜನ ಬಾಗಿಲಾಚೆ ನಿಂತಿರುತ್ತಾರೆ. ಏನು ಮಾಡೋಣ?
– ಓದುಗರು, ಹಾಸನ

ಉತ್ತರ: ಮೊದಲು ವಾರ ನೋಡಿಕೊಳ್ಳಿ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ವಿದ್ಯಾರ್ಥಿ ಭವನವೂ ಬ್ರಾಹ್ಮಿನ್ಸೂ ಮಧ್ಯಾಹ್ನ ಮುಚ್ಚುತ್ತವೆ. ಕಚೇರಿ ಕೆಲಸ ಮುಗಿಸಿ ಒಂದು ಗಂಟೆಗೆ ಹೋದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ, ಮೂರರ ಮೇಲೆ ಹೋಗಿ.

ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೂ ಕೂರಬೇಡಿ. ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯಲ್ಲಿ ಅದು ತೆವಳುತ್ತದೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದು, ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಎಂಟಿಆರ್‌ಗೆ ಹೊರಟವರು ಹೆಸರು ನಂಬಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪೇಚಾಡುವುದುಂಟು. ನಿಲ್ದಾಣ ತೋಟದ ಪಶ್ಚಿಮ ಗೇಟಿನ ಹತ್ತಿರ, ಹೋಟೆಲು ಮುಖ್ಯ ದ್ವಾರದ ಕಡೆ.

ಹಸಿವು ಉಳಿದಿದ್ದರೆ ದೋಸೆಯ ಮೇಲೆ ಶಂಕರಪುರಕ್ಕೂ ಕಾಲು ಹಾಕಿ. ಬ್ರಾಹ್ಮಿನ್ಸ್‌ನಲ್ಲಿ ನಿಂತೇ ತಿನ್ನಬೇಕು. ಸಾಂಬಾರ್ ಕೇಳಬೇಡಿ, ಅಲ್ಲಿ ಮಾಡುವುದೇ ಇಲ್ಲ. ಚಟ್ನಿ ಮಾತ್ರ ತಟ್ಟೆ ಹಿಡಿದಷ್ಟು ಸಲ ಸುರಿಯುತ್ತಾರೆ, ಇಡ್ಲಿ ಅದರಲ್ಲಿ ಮುಳುಗಬೇಕು. ಯಾವ ದರ್ಶಿನಿಗೆ ಹೋದರೂ ಕಾಫಿಯ ಚೀಟಿ ಜೇಬಿನಲ್ಲಿರಲಿ, ತಿಂಡಿ ಮುಗಿದ ಮೇಲೆ ಕೊಡಿ. ಎರಡೂ ಒಟ್ಟಿಗೆ ತಂದರೆ ಕಾಫಿ ಆರಿಹೋಗುತ್ತದೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ರೂಮು ಮಾಡಿದ್ದಾನೆ. ಊರಿನ ಪುಡಿಯನ್ನೇ ಕಳಿಸುತ್ತೇವೆ, ಚಿಕೋರಿ ಇಲ್ಲದ್ದು. ಮನೆಯ ಕಾಫಿ ಹಾಗಿರಲಿ, ಹೋಟೆಲಿನಷ್ಟೂ ಗಟ್ಟಿ ಬರುತ್ತಿಲ್ಲ ಅನ್ನುತ್ತಾನೆ.
– ಓದುಗರು, ಮೂಡಿಗೆರೆ

ಉತ್ತರ: ಹೋಟೆಲಿನವರ ಗಟ್ಟಿತನದಲ್ಲಿ ಚಿಕೋರಿಯ ಪಾಲು ದೊಡ್ಡದು. ಅದು ನೀರು ಹಿಡಿದಿಟ್ಟು ಡಿಕಾಕ್ಷನ್ ನಿಧಾನ ಇಳಿಯುವಂತೆ ಮಾಡುತ್ತದೆ, ಬಣ್ಣವನ್ನೂ ಕಪ್ಪಾಗಿಸುತ್ತದೆ. ಬರೀ ಕಾಫಿಪುಡಿಗೆ ಅಷ್ಟು ಮಂದ ಬರುವುದಿಲ್ಲ, ಹಾಗಾಗಿ ಪುಡಿಯನ್ನೇ ಹೆಚ್ಚು ಹಾಕಬೇಕು. ಎರಡು ಲೋಟಕ್ಕೆ 20 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ಪುಡಿ, 120 ಮಿ.ಲೀ. ನೀರು. ಕುದಿ ಬಂದ ನೀರನ್ನು ಅರ್ಧ ನಿಮಿಷ ಬಿಟ್ಟು ಹಾಕಲಿ. ಮೊದಲು ಪುಡಿ ನೆನೆಯುವಷ್ಟು, ಆಮೇಲೆ ಉಳಿದದ್ದು. ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪವಾಯಿತು ಅಂತ ಅರ್ಥ, ಮುಂದಿನ ಸಲ ನುಣ್ಣಗೆ ಬೀಸಿಸಿ. ತೊಟ್ಟಿಕ್ಕದೇ ನಿಂತರೆ ಅದುಮಿದ್ದು ಜಾಸ್ತಿ.

ನೀರನ್ನೂ ನೋಡಬೇಕು. ರೂಮುಗಳಿಗೆ ಬರುವುದು ಬಹುಮಟ್ಟಿಗೆ ಬೋರ್‌ವೆಲ್ ನೀರು. ಅದರ ಗಡಸುತನ ಕಾಫಿಯ ಸಣ್ಣ ಹುಳಿಯನ್ನು ನುಂಗಿ ಸಪ್ಪೆ ಮಾಡುತ್ತದೆ. ಕಾಫಿಗೆ ಕುಡಿಯುವ ಕ್ಯಾನ್ ನೀರನ್ನೇ ಬಳಸಲಿ. ಹಾಲು ನಂದಿನಿ ನೀಲಿ ಪ್ಯಾಕೆಟ್ಟಾದರೆ ಕೊಬ್ಬು ಶೇ. 3 ಅಷ್ಟೆ. ಶುಭಂ ತಂದರೆ ಶೇ. 4.5, ಕುಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಡಿಕಾಕ್ಷನ್ ಮತ್ತೆ ಕುದಿಸಿದರೆ ಕಹಿ, ಹಾಲನ್ನಷ್ಟೇ ಕಾಯಿಸಲಿ. ನೀವೂ ಕೆಜಿಗಟ್ಟಲೆ ಕಳಿಸಬೇಡಿ, ಹದಿನೈದು ದಿನಕ್ಕಾಗುವಷ್ಟು ಸಾಕು. ಸ್ಟೀಲ್ ಡಬ್ಬಿಯ ಸಡಿಲ ಮುಚ್ಚಳದಲ್ಲಿ ಘಮ ಉಳಿಯುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಹೋಟೆಲಿನಲ್ಲಿ ಅಕ್ಕಿರೊಟ್ಟಿ ಕೇಳಿದರೆ ಈರುಳ್ಳಿ, ಸಬ್ಬಸಿಗೆ ಹಾಕಿದ್ದು ಕೊಟ್ಟರು. ನಮ್ಮ ಕಡೆಯದು ಸಿಗುವುದಿಲ್ಲವೇ?
– ಓದುಗರು, ಬೇಲೂರು

ಉತ್ತರ: ಅದು ತಟ್ಟಿದ ರೊಟ್ಟಿ, ಎಣ್ಣೆ ಹಾಕಿ ಬೇಯಿಸುವಂಥದ್ದು. ಹಿಟ್ಟು ಉಕ್ಕರಿಸಿ, ಲಟ್ಟಿಸಿ, ಎಣ್ಣೆಯಿಲ್ಲದೆ ಸುಡುವ ನಮ್ಮದು ಬೇಕಿದ್ದರೆ ದರ್ಶಿನಿ ಬಿಟ್ಟು ಮಲೆನಾಡು ಊಟದ ಬೋರ್ಡು ಇರುವಲ್ಲಿ ವಿಚಾರಿಸಿ. ಆರ್ಡರ್ ಕೊಡುವ ಮೊದಲೇ ‘ತಟ್ಟಿದ್ದೋ, ಲಟ್ಟಿಸಿದ್ದೋ’ ಎಂದು ಕೇಳಿ. ಬಿಸಿಯಾಗಿ ತಂದದ್ದನ್ನು ಅಲ್ಲೇ ತಿನ್ನಿ. ಪಾರ್ಸೆಲ್ ಕಟ್ಟಿಸಿದರೆ ಹಾಸನ ಮುಟ್ಟುವಷ್ಟರಲ್ಲಿ ಸೆಟೆದುಕೊಂಡಿರುತ್ತದೆ.