ಪ್ರತಿಕ್ರಿಯೆ: ಡಾ. ಕೆ. ಎಸ್. ಮಣಿಯವರ ಮೂರ್ಛೆರೋಗ ಸಂಶೋಧನೆ

ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರ ಸಂಶೋಧನೆಯಿಂದ ನಿಜಕ್ಕೂ ಏನು ಬದಲಾಯಿತು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡು ಕೆಲಸ ದೊಡ್ಡವು.

ಮೊದಲನೆಯದು ಬಿಸಿನೀರಿನ ಮೂರ್ಛೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ನಮ್ಮ ಕಡೆ ಇದು ಜಾಸ್ತಿ. 1968ರಲ್ಲೇ ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ವರದಿ ಬರೆದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಅವರ ತಂಡ 279 ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿತು. ಇಲಿಗಳ ಮೇಲೂ ಪ್ರಯೋಗ ನಡೆಯಿತು. ಇವತ್ತು ಇಂಥವರಿಗೆ ನೀರು ಉಗುರುಬೆಚ್ಚಗಿರಲಿ ಎನ್ನುತ್ತಾರೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ ಕೊಡುವುದೂ ಉಂಟು. ಅದನ್ನು ವೈದ್ಯರನ್ನು ಕೇಳದೆ ಸುಮ್ನೆ ತೆಗೆದುಕೊಳ್ಳಬಾರದು.

ಎರಡನೆಯದು ಚಾಮರಾಜನಗರ ಜಿಲ್ಲೆಯ ಯಳಂದೂರಿನ ಅಧ್ಯಯನ. ನನಗೆ ಇದೇ ಹೆಚ್ಚು ಇಷ್ಟ. ಹಳ್ಳಿಯಲ್ಲಿ ಫಿಟ್ಸ್ ಇದ್ದೂ ಔಷಧಿ ಸಿಗದವರೇ ಬಹಳ, ಅಲ್ವಾ? ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎರಡೂ ಫಿಟ್ಸ್‌ಗೆ ಕೊಡುವ ಹಳೆಯ, ಅಗ್ಗದ ಔಷಧಿಗಳು. ಮಣಿ ಮತ್ತು ಸಂಗಡಿಗರು ಅವನ್ನೇ ಹಳ್ಳಿಗಳಲ್ಲಿ ಕೊಟ್ಟು, ವರ್ಷಗಟ್ಟಲೆ ರೋಗಿಗಳ ಮೇಲೆ ಕಣ್ಣಿಟ್ಟರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ಹತೋಟಿಗೆ ಬಂತು. ಚಿಕಿತ್ಸೆಗೆ ಮುಂಚೆ ಕಡಿಮೆ ಸಲ ಫಿಟ್ಸ್ ಬಂದಿದ್ದವರಿಗೆ ಫಲಿತಾಂಶ ಇನ್ನೂ ಚೆನ್ನಾಗಿತ್ತು. 2001ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಡದೇಶಗಳಲ್ಲಿ ಮೂರ್ಛೆರೋಗದ ಚಿಕಿತ್ಸೆ ಬಗ್ಗೆ ಬರೆಯುವವರು ಈಗಲೂ ಯಳಂದೂರನ್ನು ಉಲ್ಲೇಖಿಸುತ್ತಾರೆ. ನೀವು ಒಂದೇ ಲೇಖನ ಓದುವುದಾದರೆ ಇದನ್ನೇ ಹುಡುಕಿ ಓದಿ.