ಮಗನಿಗೆ ಏರ್ ರೈಫಲ್: ಗ್ಯಾಸ್ ಪಿಸ್ಟನ್ ತಗೊಳ್ಳೋದಾ, ಪಿಸಿಪಿನಾ?

ನೀವು ಕೇಳಿದ್ದು ಇಷ್ಟು. ಮಗ ಎಂಟನೇ ಕ್ಲಾಸು, 10 ಮೀಟರ್ ಏರ್ ರೈಫಲ್ ಕಲಿಯಲು ಸೇರಿದ್ದಾನೆ. ಅಂಗಡಿಯವರು ಗ್ಯಾಸ್ ಪಿಸ್ಟನ್ ರೈಫಲ್ ತೋರಿಸಿ ‘ಹುಡುಗನಿಗೆ ಇದು ಸಾಕು’ ಅನ್ನುತ್ತಿದ್ದಾರೆ, ಕೋಚ್ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟ ರೈಫಲ್) ಬೇಕು ಅನ್ನುತ್ತಿದ್ದಾರೆ. ಬ್ಯಾರೆಲ್ ಉದ್ದ ಇದ್ದಷ್ಟೂ ಗುರಿ ಚೆನ್ನಾಗಿ ಬರುತ್ತಾ ಅಂತಲೂ ಕೇಳಿದ್ದೀರಿ.

ಕೋಚ್ ಹೇಳಿದ್ದು ಸರಿ. ಆದರೆ ಮೊದಲ ಆರು ತಿಂಗಳು ಎರಡೂ ಕೊಳ್ಳಬೇಡಿ, ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಲಿ.

ನಾನು ವಿಜಯನಗರದವನು. ಮಗಳಿಗೆ 12 ವರ್ಷವಿದ್ದಾಗ ಅಂಗಡಿಯವರ ಮಾತು ಕೇಳಿ ಗ್ಯಾಸ್ ಪಿಸ್ಟನ್ ರೈಫಲ್ ತಂದೆ. ಸ್ಪ್ರಿಂಗ್‌ಗಿಂತ ಮೇಲು, ಪಿಸಿಪಿಗಿಂತ ಕಡಿಮೆ ಬೆಲೆ, ಮಧ್ಯದ ದಾರಿ ಅಂದುಕೊಂಡಿದ್ದೆ. ಗುರಿ ಹೊಡೆಯುವ ಆಟಕ್ಕೆ ಅದು ಮಧ್ಯದ ದಾರಿ ಅಲ್ಲವೇ ಅಲ್ಲ.

ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ ಮೇಲೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಅದುಮುತ್ತದೆ. ಆ ಗಾಳಿ ಪೆಲೆಟ್ಟನ್ನು, ಅಂದರೆ ಪುಟ್ಟ ಗುಂಡನ್ನು, ತಳ್ಳುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಗಲಾಟೆ ನಡೆಯುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಗ್ಯಾಸ್ ಪಿಸ್ಟನ್‌ನಲ್ಲಿ ಸ್ಪ್ರಿಂಗ್ ಜಾಗಕ್ಕೆ ಮುಚ್ಚಿಟ್ಟ ಗ್ಯಾಸ್ ಬಂದಿದೆ, ಅಷ್ಟೇ. ಸ್ಪ್ರಿಂಗಿನ ಗುಂಯ್ ಅನ್ನುವ ನಡುಕ ಕಡಿಮೆ, ಎಳೆದಿಟ್ಟರೂ ಬಲ ಕುಗ್ಗುವುದಿಲ್ಲ. ಒದೆತ ಮಾತ್ರ ಹೋಗಿಲ್ಲ. ಇನ್ನೂ ಚುರುಕಾಗಿದೆ.

ಈ ಒದೆತ ಎಷ್ಟು ದೊಡ್ಡ ವಿಷಯ ನೋಡಿ. ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ಪೆಲೆಟ್ 4.5 ಮಿಲಿಮೀಟರ್. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡುಭಾಗ ಚುಕ್ಕೆಯ ನಡುವಿನಿಂದ 2.5 ಮಿಲಿಮೀಟರ್ ಒಳಗೆ ಬೀಳಬೇಕು. ಇದು 10 ಮೀಟರ್ ದೂರದಿಂದ, ನಿಂತುಕೊಂಡು, 60 ಸಲ.

ಮಗಳ ಗುಂಡುಗಳು ಹರಡಿದ್ದಕ್ಕಿಂತ ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಒದೆತಕ್ಕೆ ಹೆದರಿ ಅವಳು ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಲು ಶುರು ಮಾಡಿದಳು. ಕೆನ್ನೆ ಸ್ಟಾಕ್‌ನಿಂದ (ಭುಜಕ್ಕೆ ಒತ್ತಿ ಕೆನ್ನೆ ತಾಗಿಸುವ ರೈಫಲ್‌ನ ಹಿಂಭಾಗ) ಒಂದು ಕೂದಲೆಳೆಯಷ್ಟು ಏಳುತ್ತಿತ್ತು. ನನಗೆ ಕಾಣಲೇ ಇಲ್ಲ, ಕೋಚ್ ಪಕ್ಕದಲ್ಲಿ ಕೂತು ತೋರಿಸಿದರು. ಆ ಅಭ್ಯಾಸ ಬಿಡಿಸಲು ನಾಲ್ಕು ತಿಂಗಳು ಬೇಕಾಯಿತು.

ಪಿಸಿಪಿಯಲ್ಲಿ ಗಾಳಿ ಮೊದಲೇ ಸಿಲಿಂಡರಿನಲ್ಲಿ ತುಂಬಿರುತ್ತದೆ. ಟ್ರಿಗರ್ ಒತ್ತಿದರೆ ಒಂದು ಪುಟ್ಟ ವಾಲ್ವ್ ತೆರೆದು ಮುಚ್ಚಿಕೊಳ್ಳುತ್ತದೆ. ಭಾರದ ಪಿಸ್ಟನ್ ಓಡಾಡುವುದಿಲ್ಲ, ಹಾಗಾಗಿ ರೈಫಲ್ ಹೆಚ್ಚು ಕಡಿಮೆ ಅಲುಗಾಡುವುದೇ ಇಲ್ಲ. ಒಳಗಿರುವ ರೆಗ್ಯುಲೇಟರ್ ಪ್ರತಿ ಸಲವೂ ಒಂದೇ ಒತ್ತಡದ ಗಾಳಿ ಬಿಡುತ್ತದೆ.

ಇನ್ನೊಂದು ಕಾರಣವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಮಾಡುವ ಅಭ್ಯಾಸವೆಲ್ಲ ಪೆಲೆಟ್ ಇಲ್ಲದೆ ಮಾಡುವ ಡ್ರೈ ಫೈರ್. ಸ್ಪ್ರಿಂಗ್, ಗ್ಯಾಸ್ ಪಿಸ್ಟನ್ ಎರಡರಲ್ಲೂ ಖಾಲಿ ಹೊಡೆಯಲೇಬಾರದು. ಪೆಲೆಟ್ ಇಲ್ಲದಿದ್ದರೆ ತಡೆಯಲು ಗಾಳಿಯ ದಿಂಬು ಇರುವುದಿಲ್ಲ, ಪಿಸ್ಟನ್ ಹೋಗಿ ಸಿಲಿಂಡರಿನ ತುದಿಗೆ ಬಡಿದು ಸೀಲ್ ಹಾಳಾಗುತ್ತದೆ. ಮ್ಯಾಚ್ ಪಿಸಿಪಿಯಲ್ಲಿ, ಅಂದರೆ ಸ್ಪರ್ಧೆಗೆಂದು ಮಾಡಿದ್ದರಲ್ಲಿ, ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ನಮ್ಮ ಮನೆಯ ಹಾಲ್ ಚಿಕ್ಕದು, ಗೋಡೆಗೆ ಒಂದು ಕಪ್ಪು ಚುಕ್ಕೆ ಅಂಟಿಸಿದ್ದೇವೆ. ಬ್ಯಾರೆಲ್ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತೇನೆ. ಟ್ರಿಗರ್ ಟಿಕ್ ಅಂದ ಮೇಲೂ ನಾಣ್ಯ ಬೀಳಬಾರದು. ಸಂಜೆ ಇಪ್ಪತ್ತು ನಿಮಿಷ ಇದೇ ಕೆಲಸ. ಅವಳ ಸ್ಕೋರ್ ಏರಿದ್ದು ಇದರಿಂದ.

ಬ್ಯಾರೆಲ್ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾಚ್ ರೈಫಲ್‌ಗಳ ನಿಜವಾದ ಬ್ಯಾರೆಲ್ ಸುಮಾರು 42 ಸೆಂಟಿಮೀಟರ್ ಅಷ್ಟೇ. ಮುಂದೆ ಉದ್ದವಾಗಿ ಕಾಣುವುದು ಬರೀ ಕೊಳವೆ, ಗುರಿ ನೋಡುವ ಮುಂದಿನ ಸೈಟ್ ಕಣ್ಣಿಂದ ದೂರ ಕೂರಲಿ ಅಂತ. ಬ್ಯಾರೆಲ್ ಚಿಕ್ಕದಾಗಿ ಪೆಲೆಟ್ ಬೇಗ ಹೊರಗೆ ಹೋದರೆ ಕೈ ನಡುಗಿದರೂ ಅದಕ್ಕೆ ತಟ್ಟುವುದು ಕಡಿಮೆ. ‘ಇದು ಜಾಸ್ತಿ ಪವರ್’ ಅನ್ನುವ ಮಾತಿಗೂ ಬೀಳಬೇಡಿ. ಮ್ಯಾಚ್ ರೈಫಲ್ ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ ಹೊಡೆಯುತ್ತದೆ, ಶಕ್ತಿ 7.5 ಜೂಲ್ ಸುಮಾರು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬ್ಯಾರೆಲ್ಲಿನ ಒಳ ಅಳತೆ 4.5 ಮಿಲಿಮೀಟರ್ ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಪೇಪರಿನಲ್ಲಿ ತೂತು ಮಾಡಲು ಅಷ್ಟು ಶಕ್ತಿ ಯಾಕೆ ಬೇಕು ಹೇಳಿ?

ಈಗಲೇ ಕೊಳ್ಳಬೇಡಿ ಅಂದೆನಲ್ವಾ, ಅದು ಮೈಕಟ್ಟಿಗಾಗಿ. ನಿಯಮದಲ್ಲಿ ರೈಫಲ್ 5.5 ಕಿಲೋವರೆಗೂ ಇರಬಹುದು. ಎಂಟನೇ ಕ್ಲಾಸಿನ ಹುಡುಗ ಅಷ್ಟು ತೂಕ ಹಿಡಿದರೆ ಸೊಂಟ ತಿರುಚಿ ನಿಲ್ಲುತ್ತಾನೆ. ಒಂದೇ ವರ್ಷದಲ್ಲಿ ತೋಳು ಎರಡು ಇಂಚು ಬೆಳೆದರೆ ಸ್ಟಾಕ್ ಅಳತೆಯೂ ಬದಲಾಗುತ್ತದೆ. ಕೊಳ್ಳುವಾಗ ಸ್ಟಾಕ್ ಉದ್ದ ಹೆಚ್ಚು ಕಡಿಮೆ ಮಾಡಲು ಬರುವಂಥದ್ದನ್ನೇ ನೋಡಿ.

ಗಾಳಿ ತುಂಬಿಸುವುದು ಎಲ್ಲಿ ಅಂತಲೂ ಮೊದಲೇ ವಿಚಾರಿಸಿ. ಸ್ಕೂಟರ್ ಟೈರಿಗೆ 2 ಬಾರ್ ಸುಮಾರು ಒತ್ತಡದ ಗಾಳಿ ಹಾಕಿಸುತ್ತೇವೆ, ಇದಕ್ಕೆ 200 ಬಾರ್. ಪಂಕ್ಚರ್ ಅಂಗಡಿಯ ಕೆಲಸ ಅಲ್ಲ. ನಾವು ಪ್ರತಿ ಶನಿವಾರ ರೇಂಜ್‌ನಲ್ಲೇ ತುಂಬಿಸುತ್ತೇವೆ. ಹ್ಯಾಂಡ್ ಪಂಪ್ ಬರುತ್ತದೆ, ಆದರೆ ನಮ್ಮೂರಿನ ಮಳೆಗಾಲದ ತೇವ ಒಳಗೆ ಹೋದರೆ ರೆಗ್ಯುಲೇಟರ್‌ಗೆ ಒಳ್ಳೆಯದಲ್ಲ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧೈರ್ಯವಾಗಿ ನೋಡಿ, ನಾನು ಕೊನೆಗೆ ತಂದದ್ದೂ ಅದೇ. ಸಿಲಿಂಡರ್ ಬಿಚ್ಚಿ ಅದರ ಮೇಲೆ ಕೊರೆದಿರುವ ತಯಾರಿಕೆಯ ತಿಂಗಳು, ವರ್ಷ ಓದಿ. ಹಲವು ಜರ್ಮನ್ ಕಂಪನಿಗಳು ತಮ್ಮ ಸಿಲಿಂಡರಿಗೆ 10 ವರ್ಷದ ಆಯಸ್ಸು ಕೊಡುತ್ತವೆ. ಆ ಅವಧಿ ದಾಟಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಮುರಿದುಕೊಂಡು ವ್ಯಾಪಾರ ಮಾಡಿ.